ಬೈಬಲ್ ಕಥೆಯಿಂದ ಗೇರುಬೀಜ ಕಾರ್ಖಾನೆಗೆ ನಿಯಮ: ಯಾವ ಕಥೆ, ಯಾವ ಲೆಕ್ಕ?

ಬೀಜದ ಮನೆ (ಪ್ರಶ್ನೆ)
ಕಾರ್ಕಳ ಕಡೆಯ ಗೇರುಬೀಜ ಘಟಕ. ಒಟ್ಟು 40 ಜನ ಕೆಲಸಕ್ಕೆ, ಹೆಚ್ಚಿನವರು ಹೆಂಗಸರು. ಪಾಲುದಾರರು ಮೂವರೂ ಕ್ರೈಸ್ತರು, ಕೆಲಸದವರಲ್ಲಿ ಹಿಂದೂಗಳೇ ಜಾಸ್ತಿ, ಮುಸ್ಲಿಮರೂ ಇದ್ದಾರೆ. ಘಟಕ ಹೇಗೆ ನಡೆಯಬೇಕು ಅನ್ನುವುದಕ್ಕೆ ಬೈಬಲ್ ಕಥೆಗಳನ್ನು ಆಧಾರವಾಗಿಟ್ಟುಕೊಂಡು ಒಂದು ಪತ್ರ ಬರೆಯುವ ತೀರ್ಮಾನ ಆಗಿದೆ. ಗೋಡೆಗೆ ವಾಕ್ಯ ತೂಗುಹಾಕಿ ಕೈತೊಳೆದುಕೊಳ್ಳುವುದು ಬೇಡ, ತಕ್ಕಡಿ, ಕೂಲಿ, ಖರೀದಿ ಎಲ್ಲಕ್ಕೂ ಮುಟ್ಟುವ ಹಾಗಿರಬೇಕು.

ಈಗ ಪಟ್ಟಿಯಲ್ಲಿರುವುದು ನಾಲ್ಕು: ಯೋಸೇಫನ ಕಣಜ, ತಲಾಂತುಗಳ ಸಾಮ್ಯ (ಯೇಸು ಹೇಳಿದ ದೃಷ್ಟಾಂತ ಕಥೆ), ಬೋವಜನ ಹೊಲ, ದ್ರಾಕ್ಷಿತೋಟದ ಕೂಲಿಯಾಳುಗಳು. ಇವು ಸಾಕೇ? ಯಾವುದನ್ನು ಯಾವ ವಿಭಾಗಕ್ಕೆ ಕಟ್ಟಬೇಕು? ಬೇರೆ ಧರ್ಮದ ಕೆಲಸದವರ ಮೇಲೆ ಹೇರಿದ ಹಾಗಾಗದಂತೆ ಹೇಗೆ ಬರೆಯುವುದು?

ತಕ್ಕಡಿ
ಪಟ್ಟಿಯಲ್ಲಿ ಮೊದಲು ಇರಬೇಕಾದ್ದೇ ಬಿಟ್ಟುಹೋಗಿದೆ ಮಾರಾಯ್ರೆ. ತೂಕದ ಕಲ್ಲು! ಯಾಜಕಕಾಂಡ 19:35-36, ಧರ್ಮೋಪದೇಶಕಾಂಡ 25:13. ಎರಡನೆಯದನ್ನು ಗಮನಿಸಿ ಓದಿ. ಚೀಲದಲ್ಲಿ ಎರಡು ಬಗೆಯ ಕಲ್ಲು ಇರಬಾರದು, ದೊಡ್ಡದೊಂದು ಚಿಕ್ಕದೊಂದು. ಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಚಿಕ್ಕ ಕಲ್ಲು, ಅದೇ ಆ ಕಾಲದ ಮೋಸ.

ಗೇರುಬೀಜ ಘಟಕದಲ್ಲಿ ತಕ್ಕಡಿ ಮೂರು ಕಡೆ ಉಂಟು. ರೈತನಿಂದ ಹಸಿ ಬೀಜ ತೂಗಿ ತೆಗೆದುಕೊಳ್ಳುವಲ್ಲಿ, ಚಿಪ್ಪು ಒಡೆದವರ, ಪೊರೆ ಸುಲಿದವರ ದಿನದ ಕೆಲಸ ತೂಗುವಲ್ಲಿ, ಡಬ್ಬಿ ತುಂಬುವಲ್ಲಿ. ಮೂರಕ್ಕೂ ಒಂದೇ ಪರೀಕ್ಷಾ ಕಲ್ಲು ಇರಲಿ. ಬೆಳಿಗ್ಗೆ ಮೊದಲ ತೂಕಕ್ಕೆ ಮುಂಚೆ ಹೀಗೆ ಮಾಡಿ:

ಫ್ಯಾನ್ ಆಫ್ ಮಾಡಿ, ಸೊನ್ನೆ ಬರುತ್ತದೋ ನೋಡಿ. 30 ಕಿಲೋ ತಕ್ಕಡಿಯಾದರೆ 10 ಕಿಲೋ ಕಲ್ಲನ್ನು ನಡುವೆ ಇಟ್ಟು ಓದಿ, ಆಮೇಲೆ ನಾಲ್ಕು ಮೂಲೆಗೂ ಇಟ್ಟು ಓದಿ. ಮೂಲೆಗೆ ಸಾಮರ್ಥ್ಯದ ಮೂರನೇ ಒಂದು ಪಾಲಿನಷ್ಟೇ ಭಾರ ಇಡುವುದು ಪದ್ಧತಿ. ಐದೂ ಓದನ್ನು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕಿ, ಇಬ್ಬರಲ್ಲಿ ಒಬ್ಬರು ಕೆಲಸದವರೇ ಆಗಿರಲಿ. ಮೂಲೆ ತಪ್ಪಿದರೆ ಆ ದಿನ ಆ ತಕ್ಕಡಿ ಮುಟ್ಟಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕಡ್ಡಾಯ, ಅದು ಬೇರೆ ವಿಚಾರ. ಮುದ್ರೆ ಬಿದ್ದ ಮರುವಾರವೇ ಒಳಗಿನ ಲೋಡ್ ಸೆಲ್ (ಭಾರ ಅಳೆಯುವ ಭಾಗ) ಕೆಡಬಹುದು, ಅದಕ್ಕೇ ದಿನದ ಪರೀಕ್ಷೆ.

ಲೆಕ್ಕದ ಪುಸ್ತಕ
ತಕ್ಕಡಿಯವರೇ, ಕಲ್ಲು ಸರಿ ಇದ್ದೂ ಮೋಸ ಆಗುವ ಜಾಗ ಬುಟ್ಟಿ. ಪ್ಲಾಸ್ಟಿಕ್ ಕ್ರೇಟಿಗೆ ಒಂದೇ ತೂಕ ಅಂತ ಬರೆದಿಟ್ಟು ಪ್ರತಿ ಸಲ ಅಷ್ಟೇ ಕಳೆಯುತ್ತಾರೆ. ಕ್ರೇಟು ಒಡೆದು ತುಂಡು ಹೋದ ಮೇಲೂ ಅಷ್ಟೇ ಕಳೆದರೆ ಸುಲಿದವಳ ಪಾಲಿಗೆ ನಷ್ಟ. ತಳದಲ್ಲಿ ಪೊರೆಯ ಪುಡಿ ಅಂಟಿ ಭಾರವಾದರೆ ಘಟಕಕ್ಕೆ ನಷ್ಟ. ಪ್ರತಿ ಕ್ರೇಟಿಗೆ ನಂಬರ್ ಬರೆದು ವಾರಕ್ಕೊಮ್ಮೆ ಖಾಲಿ ತೂಗಿ, ತೂಕವನ್ನು ಕ್ರೇಟಿನ ಮೇಲೇ ಬರೆಯಬೇಕು.

ಕೊಪ್ಪಳದಾಕಿ
ಇದು ಗೇರುಬೀಜದ ಕತಿ ಅಷ್ಟ ಅಲ್ರಿ. ನಮ್ಮ ಕಡೆ ಮಾರ್ಕೆಟ್‌ನ್ಯಾಗ ಚೀಲಕ್ಕ ಇಷ್ಟು ಅಂತ ‘ಸೂಟು’ ಕಳೀತಾರಲ್ಲ, ಅದು ಧರ್ಮೋಪದೇಶಕಾಂಡದ ದೊಡ್ಡ ಕಲ್ಲ ನೋಡ್ರಿ. ತಕ್ಕಡಿ ಸರಿ ಐತಿ, ಮುದ್ರಿ ಐತಿ, ಆದ್ರ ಚೀಟಿಯೊಳಗ ಒಂದೆರಡು ಕಿಲೋ ಮಾಯ. ನಿಮ್ಮ ಪತ್ರದಾಗ ಒಂದು ಸಾಲು ಹಾಕ್ರಿ: ರೈತನ ಚೀಟಿಯೊಳಗ ಒಟ್ಟು ತೂಕ, ಖಾಲಿ ಚೀಲದ ತೂಕ, ತೇವಾಂಶ, ನಿವ್ವಳ ತೂಕ, ನಾಲ್ಕೂ ಬ್ಯಾರೆ ಬ್ಯಾರೆ ಕಾಲಂ. ‘ಇತರೆ ಕಡಿತ’ ಅನ್ನೂ ಕಾಲಂ ಮಾತ್ರ ಇರಬಾರದು.

ಆಮೋಸನ ಅತ್ತಿಮರ
ಇದಕ್ಕೆ ಆಮೋಸ 8:5-6 ಸೇರಿಸಿ. ಆಮೋಸ ತಾನೇ ಕುರಿ ಕಾಯುವವನು, ಅತ್ತಿಹಣ್ಣು ನೋಡಿಕೊಳ್ಳುವವನು, ಹಾಗಾಗಿ ಸಂತೆಯ ಮೋಸ ಅವನಿಗೆ ಗೊತ್ತು. ಒಂದೇ ಉಸಿರಿಗೆ ಮೂರು ಹೇಳುತ್ತಾನೆ. ಅಳತೆ ಚಿಕ್ಕದು ಮಾಡುವುದು, ಬೆಲೆ ತೂಗುವ ಶೆಕೆಲ್ ದೊಡ್ಡದು ಮಾಡುವುದು, ಗೋಧಿಯ ಜೊತೆ ಕಸಹೊಟ್ಟನ್ನೂ ಮಾರುವುದು. ಮೂರನೆಯದೇ ನಿಮ್ಮ ಗ್ರೇಡಿಂಗ್ ಮೇಜು.

ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು. ಅದರಲ್ಲಿ 340-350 ಬರುವ ಸಣ್ಣ ಕಾಳು ಬೆರೆಸಿದರೆ, ತುಂಡು ಬೆರೆಸಿದರೆ, ಅದು ಹೊಟ್ಟು ಮಾರಿದ ಹಾಗೇ. ಪ್ರತಿ ಲಾಟಿನಿಂದ ಐದು ಕಡೆ ಕೈಹಾಕಿ ಒಂದು ಪೌಂಡು, ಅಂದರೆ 454 ಗ್ರಾಂ ತೂಗಿ ಎಣಿಸಬೇಕು. ಎಣಿಸುವವರು ಗ್ರೇಡ್ ಮಾಡಿದವರಲ್ಲದೆ ಬೇರೆಯವರಾಗಿರಬೇಕು.

ತಕ್ಕಡಿ
ತೇವಾಂಶವನ್ನೂ ಬಿಡಬೇಡಿ. ಬೋರ್ಮಾದಿಂದ (ತಿರುಳು ಒಣಗಿಸುವ ಬಿಸಿ ಗೂಡು) ಹೊರಬಂದ ತಿರುಳು ಒಣಗಿ ಪುಡಿಪುಡಿಯಾಗುತ್ತದೆ ಅಂತ ಸ್ವಲ್ಪ ತೇವ ಕೊಡುವುದು ಸರಿಯಾದ ಕ್ರಮವೇ, ತುಂಡಾಗುವುದು ಕಡಿಮೆಯಾಗುತ್ತದೆ. ಆದರೆ ಅದೇ ನೀರು ತೂಕಕ್ಕೂ ಬರುತ್ತದೆ. 10 ಕಿಲೋ ತಿರುಳು ಶೇ. 3 ತೇವದಲ್ಲಿದ್ದದ್ದು ಶೇ. 5ಕ್ಕೆ ಏರಿದರೆ ಸುಮಾರು 210 ಗ್ರಾಂ ನೀರು. ಶೇ. 5 ಮೇಲ್ಮಿತಿ, ಗುರಿ ಅಲ್ಲ. ಮಿತಿ ದಾಟಿದರೆ ಮೊದಲು ಬರುವುದು ಮುಗ್ಗಲು ವಾಸನೆ, ಆಮೇಲೆ ಬೂಸ್ಟು, ಆಮೇಲೆ ಡಬ್ಬಿ ವಾಪಸ್.

ಮೈಸೂರು ಸಂತೆ
ಪೊಟ್ಟಣದ ನಿಯಮದಲ್ಲಿ 500 ಗ್ರಾಂಗೆ 15 ಗ್ರಾಂ ವ್ಯತ್ಯಾಸ ಒಪ್ಪುತ್ತಾರಲ್ಲ, ಅಷ್ಟು ಕಡಿಮೆ ತುಂಬಿದರೆ ತಪ್ಪೇನು?

ತಕ್ಕಡಿ
@ಮೈಸೂರು ಸಂತೆ, ಅದು ಒಂದೊಂದು ಪೊಟ್ಟಣದಲ್ಲಿ ತಪ್ಪಿಹೋದರೆ ಕೊಡುವ ವಿನಾಯಿತಿ. ಮಾದರಿಗೆ ತೆಗೆದ ಪೊಟ್ಟಣಗಳ ಸರಾಸರಿ ಬರೆದ ತೂಕಕ್ಕಿಂತ ಕಡಿಮೆ ಇರಬಾರದು. ಬೇಕಂತಲೇ 490 ತುಂಬಿದರೆ ಕಾನೂನೂ ಬಿಡುವುದಿಲ್ಲ, ಯಾಜಕಕಾಂಡವೂ ಬಿಡುವುದಿಲ್ಲ. ತುಂಬುವ ಯಂತ್ರವನ್ನು 503ಕ್ಕೆ ಇಟ್ಟು, ಗಂಟೆಗೊಮ್ಮೆ ಹತ್ತು ಪೊಟ್ಟಣ ತೂಗಿ ಸರಾಸರಿ ಬರೆಯಿರಿ.

ಬ್ಯಾರಿ ಬಂದರು
ಕೆಲಸದವರಲ್ಲಿ ಮುಸ್ಲಿಮರು ಇದ್ದಾರೆ ಅಂದಿರಲ್ಲ. ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ. ತಾವು ತೆಗೆದುಕೊಳ್ಳುವಾಗ ಪೂರ್ತಿ ಅಳೆಯುತ್ತಾರೆ, ಕೊಡುವಾಗ ಕಡಿಮೆ ಮಾಡುತ್ತಾರೆ ಅಂತ. ಎರಡು ಕಲ್ಲಿನ ಮಾತೇ ಅದು. ಹಾಗಾಗಿ ತಕ್ಕಡಿಯ ನಿಯಮವನ್ನು ಯಾರೂ ಹೇರಿಕೆ ಅನ್ನಲಾರರು.

ಲೆಕ್ಕದ ಪುಸ್ತಕ
ಕೂಲಿಗೆ ಬರೋಣ. ಯಾಜಕಕಾಂಡ 19:13, ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನಲ್ಲಿ ಉಳಿಯಬಾರದು. ಧರ್ಮೋಪದೇಶಕಾಂಡ 24:15 ಇನ್ನೂ ಬಿಗಿ, ಹೊತ್ತು ಮುಳುಗುವುದರೊಳಗೆ ಕೊಡು, ಅವನು ಅದರ ಮೇಲೇ ಆಸೆ ಇಟ್ಟುಕೊಂಡಿದ್ದಾನೆ. ಕೊನೆಯ ಮಾತಲ್ಲಿ ಕಾರಣವೂ ಇದೆ. ಯಾಕೋಬನ ಪತ್ರಿಕೆ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ.

ನಮ್ಮ ಕಾನೂನಿನ ಲೆಕ್ಕವೂ ಇದರಿಂದ ದೂರವಿಲ್ಲ. ವೇತನ ಸಂಹಿತೆ 2019ರ ಪ್ರಕಾರ ದಿನಗೂಲಿಯಾದರೆ ಪಾಳಿ ಮುಗಿಯುವಾಗ, ವಾರಗೂಲಿಯಾದರೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ. ಕೆಲಸ ಬಿಟ್ಟವರಿಗೆ, ತೆಗೆದವರಿಗೆ ಎರಡು ಕೆಲಸದ ದಿನಗಳೊಳಗೆ. ಸಾಮಾನ್ಯವಾಗಿ ಎಡವುವುದು ಈ ಕೊನೆಯದರಲ್ಲೇ. ಬಿಟ್ಟು ಹೋದವಳ ಲೆಕ್ಕ ‘ಮುಂದಿನ ತಿಂಗಳು ಬಾ’ ಅಂತ ತಳ್ಳುವುದು. ಅದನ್ನು ತಪ್ಪಿಸಲು ಪ್ರತಿ ಶನಿವಾರ ಎಲ್ಲರ ಲೆಕ್ಕ ಚುಕ್ತಾ ಆಗಿರಬೇಕು, ಆಗ ಯಾರು ಯಾವತ್ತು ಬಿಟ್ಟರೂ ಬಾಕಿ ಆರು ದಿನದ್ದು ಮಾತ್ರ.

ನೇತ್ರಾವತಿ ದಡ
ಹೊತ್ತು ಮುಳುಗುವ ನಿಯಮ ಸರಬರಾಜುದಾರರಿಗೂ ಬೇಕಲ್ಲವೇ? ಡಬ್ಬಿ ಕೊಟ್ಟವನು, ರಟ್ಟಿನ ಪೆಟ್ಟಿಗೆ ಕೊಟ್ಟವನು ತಿಂಗಳುಗಟ್ಟಲೆ ಕಾಯುತ್ತಾನೆ.

ಲೆಕ್ಕದ ಪುಸ್ತಕ
ಬೇಕು. ಅವರು ಉದ್ಯಮ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರ. ಅದರ ಮೇಲೆ ಆದಾಯ ತೆರಿಗೆಯ 43ಬಿ(ಎಚ್) ಬಂದ ಮೇಲೆ, ಅವಧಿ ಮೀರಿದ ಬಿಲ್ಲನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ಮಾರ್ಚ್‌ನಲ್ಲಿ ಇದನ್ನು ಮರೆತವರಿಗೆ ತೆರಿಗೆ ಹೆಚ್ಚಾಗಿ ಬೀಳುತ್ತದೆ.

ಒಂಟಿ ದೋಣಿ
ದ್ರಾಕ್ಷಿತೋಟದ ಸಾಮ್ಯ (ಮತ್ತಾಯ 20) ಕೂಲಿ ನಿಯಮಕ್ಕೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆಳಿಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ದಿನಾರಿ. ದಿನಕ್ಕೆ ಹೆಚ್ಚು ಸುಲಿಯುವವಳಿಗೂ ಅರ್ಧ ಸುಲಿಯುವವಳಿಗೂ ಒಂದೇ ಅಂದರೆ ಮೂರು ದಿನದಲ್ಲಿ ಎಲ್ಲರೂ ಅರ್ಧಕ್ಕೆ ಇಳಿಯುತ್ತಾರೆ. ಅದು ದೇವರ ಕೃಪೆಯ ಕಥೆ, ವೇತನ ಪಟ್ಟಿ ಅಲ್ಲ.

ಆಮೋಸನ ಅತ್ತಿಮರ
@ಒಂಟಿ ದೋಣಿ ಅರ್ಧ ಒಪ್ಪುತ್ತೇನೆ. ಆದರೆ ಕಥೆಯೊಳಗಿನ ಎರಡು ಸಂಗತಿ ನೋಡಿ. ಒಂದು, ಮೊದಲು ಬಂದವರ ಜೊತೆ ಮಾತಾಡಿದ ದರ ಒಂದು ದಿನಾರಿ, ಅಷ್ಟನ್ನು ಪೂರ್ತಿ ಕೊಟ್ಟ, ಒಂದು ಕಾಸೂ ಕಡಿಮೆ ಮಾಡಲಿಲ್ಲ. ಎರಡು, ಕೊನೆಗೆ ಬಂದವರು ಸೋಮಾರಿಗಳಲ್ಲ. ‘ನಮ್ಮನ್ನು ಯಾರೂ ಕರೆಯಲಿಲ್ಲ’ ಅನ್ನುತ್ತಾರೆ. ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ, ಮನೆಯಲ್ಲಿ ಒಲೆ ಉರಿಯಲು ಬೇಕಾದಷ್ಟು. ಹಾಗಾಗಿ ಈ ಕಥೆಯಿಂದ ತೆಗೆಯಬೇಕಾದ್ದು ಕನಿಷ್ಠದ ಖಾತರಿ. ಎಲ್ಲರಿಗೂ ಸಮ ಕೂಲಿ ಅಂತ ಅದರ ಅರ್ಥ ಅಲ್ಲ.

ಹತ್ತರ ನಾಯಕ
ಅದೇ ಸರಿ. ಗೇರುಬೀಜದಲ್ಲಿ ಕಿಲೋ ಲೆಕ್ಕದ ಕೂಲಿ ಇಟ್ಟಾಗ ಅನ್ಯಾಯ ಆಗುವುದು ಬೀಜದ ಗುಣದಿಂದ, ಕೈಯಿಂದ ಅಲ್ಲ. ಕಾಳು ಚಿಕ್ಕದಾದರೆ ಒಂದು ಕಿಲೋ ತಿರುಳಿಗೆ ಸುಲಿಯಬೇಕಾದ ಕಾಳು ಜಾಸ್ತಿ. ಬೋರ್ಮಾದಲ್ಲಿ ಸರಿಯಾಗಿ ಒಣಗದ ಲಾಟಿನಲ್ಲಿ ಪೊರೆ ಬಿಡುವುದಿಲ್ಲ. ಅಂಥ ದಿನ ಚುರುಕಾದವಳೂ ಹಿಂದೆ ಬೀಳುತ್ತಾಳೆ.

ಹೀಗೆ ಬರೆಯಿರಿ: ದಿನಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಖಾತರಿ, ಅದಕ್ಕಿಂತ ಮೇಲೆ ಸುಲಿದದ್ದಕ್ಕೆ ಕಿಲೋ ದರ. ಹೊಸ ಲಾಟು ಬಂದಾಗ ಮೊದಲ ದಿನ ನಾಲ್ಕು ಜನರಿಂದ ಸುಲಿಸಿ, ನಾಲ್ವರ ಸರಾಸರಿ ನೋಡಿ ಆ ಲಾಟಿನ ದರ ಬರೆದು ಹಲಗೆಗೆ ಹಾಕಿ. ಆ ನಾಲ್ವರಲ್ಲಿ ಅತಿ ಚುರುಕಾದವಳು ಒಬ್ಬಳೇ ಇರಲಿ, ಇಲ್ಲದಿದ್ದರೆ ದರ ಕೆಳಗೆ ಹೋಗುತ್ತದೆ.

ಒಮ್ಮೆ ಹಾಕಿದ ದರವನ್ನು ಆ ಲಾಟು ಮುಗಿಯುವವರೆಗೆ ಬದಲಿಸಬಾರದು. ಇದಕ್ಕೆ ಬೇಕಾದ ಕಥೆ ಆದಿಕಾಂಡ 31:7. ಮಾವ ಲಾಬಾನ ನನ್ನ ಕೂಲಿಯನ್ನು ಹತ್ತು ಸಲ ಬದಲಿಸಿದ ಅಂತ ಯಾಕೋಬ ಹೇಳುತ್ತಾನೆ.

ಒಂಟಿ ದೋಣಿ
ಇದಾದರೆ ಒಪ್ಪಿದೆ. ಲಾಬಾನನನ್ನು ಖಂಡಿತ ಸೇರಿಸಿ!

ಜೆಪ್ಪು ಹೆಂಚು
ಮಂಗಳೂರಿನವರು ಇಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ನೆನಪಿಸಿಕೊಳ್ಳದೆ ಇದ್ದರೆ ಹೇಗೆ. ಬೈಬಲ್ ಕೈಯಲ್ಲಿ ಹಿಡಿದು ಕಾರ್ಖಾನೆ ನಡೆಸಿದ ಪ್ರಯೋಗ ನಮ್ಮಲ್ಲೇ ಆಗಿದೆ. 1834ರಲ್ಲಿ ಬಂದರು, ಅಚ್ಚುಕೂಟ, ನೇಯ್ಗೆ, ಆಮೇಲೆ ಹೆಂಚು. ನೇತ್ರಾವತಿಯ ಜೇಡಿಮಣ್ಣಿನಿಂದ ಜೆಪ್ಪುವಿನಲ್ಲಿ 1859ರಲ್ಲಿ ಹೆಂಚಿನ ಕಾರ್ಖಾನೆ.

ಕಡಲ ಕರೆ
ಹೆಂಚಿನ ಕಾರ್ಖಾನೆ 1865. ಜಾರ್ಜ್ ಪ್ಲೆಬ್ಸ್ಟ್ ಶುರು ಮಾಡಿದ್ದು. 1859 ಅಂದರೆ ಬಾಸೆಲ್‌ನಲ್ಲಿ ವ್ಯಾಪಾರಕ್ಕಂತಲೇ ಬೇರೆ ಕಂಪನಿ ಮಾಡಿದ ವರ್ಷ, ಎರಡೂ ಕಲಸಿಹೋಗುತ್ತವೆ. ಆಮೇಲೆ ಕೋಝಿಕ್ಕೋಡ್, ಕುದ್ರೋಳಿ, ಮಲ್ಪೆ, ಕೋಡಕ್ಕಲ್, ಫೆರೋಕ್ ಎಲ್ಲ ಕಡೆ ಹೆಂಚಿನ ಕಾರ್ಖಾನೆ ಬಂದವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆಸ್ತಿ ವಶಪಡಿಸಿಕೊಂಡರು, ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು.

ಅವರಿಂದ ಕಲಿಯಬೇಕಾದ್ದು ಎರಡೂ ಇದೆ. ಧರ್ಮ ಬದಲಿಸಿ ಜಾತಿಯ ಕಸುಬು, ಆಸರೆ ಕಳೆದುಕೊಂಡವರಿಗೆ ಕೆಲಸ ಕೊಡಬೇಕು ಅನ್ನುವುದು ಮೂಲ ಉದ್ದೇಶ, ಅದು ಒಳ್ಳೆಯದೇ. ಆದರೆ ಕೆಲಸ ಕೊಡುವವನೂ ಸಭೆಯ ಶಿಸ್ತು ನೋಡುವವನೂ ಒಬ್ಬನೇ ಆದಾಗ, ನಂಬಿಕೆ ಯಾವುದು ಹೊಟ್ಟೆಪಾಡು ಯಾವುದು ಅಂತ ಬೇರ್ಪಡಿಸಲು ಆಗುವುದಿಲ್ಲ. ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಇಲ್ಲೇ ಇದೆ. ಕೆಲಸದ ನಿಯಮಪತ್ರದಲ್ಲಿ ಕಥೆ ಬೇಡ, ನಿಯಮ ಮಾತ್ರ ಇರಲಿ. ಕಥೆ ಇರುವ ಪತ್ರ ಪಾಲುದಾರರಿಗೆ, ಯಾಕೆಂದರೆ ಅದು ಕಟ್ಟಿಹಾಕಬೇಕಾದ್ದು ಅವರನ್ನು.

ಬೀಜದ ಮನೆ
ಎರಡು ಪತ್ರ ಮಾಡುವ ಸಲಹೆ ತುಂಬಾ ಹಿಡಿಸಿತು. ಹಾಗೇ ಮಾಡುತ್ತೇವೆ.

ಹಂಪೆ ಕಲ್ಲು
ಇಷ್ಟೆಲ್ಲ ಬೈಬಲ್‌ಗೆ ಯಾಕೆ ಹೋಗಬೇಕು? ಕಾಯಕ, ದಾಸೋಹ ನಮ್ಮಲ್ಲೇ ಇದೆಯಲ್ಲ. ಆಯ್ದಕ್ಕಿ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ವಾಪಸ್ ಸುರಿದು ಬಾ ಅಂದಳು.

ಆಮೋಸನ ಅತ್ತಿಮರ
ಪ್ರಶ್ನೆ ಕೇಳಿದವರ ನಂಬಿಕೆ ಅದು, ಅದಕ್ಕೆ. ಆದರೆ ಒಳ್ಳೆಯ ಕಥೆ ನೆನಪಿಸಿದಿರಿ. ವಿಮೋಚನಕಾಂಡ 16ರಲ್ಲಿ ಜನ ಅರಣ್ಯದಲ್ಲಿ ದೇವರು ಕೊಟ್ಟ ಆಹಾರ, ಮನ್ನ, ಕೂಡಿಸುವಾಗ ತಲೆಗೆ ಒಂದು ಓಮೆರ್ ಅಳತೆ, ಅಷ್ಟೇ. ಮರುದಿನಕ್ಕೆ ಇಟ್ಟದ್ದು ಹುಳ ಬಿದ್ದು ನಾರಿತು, ಸಬ್ಬತ್ತಿನ (ವಾರದ ವಿಶ್ರಾಂತಿ ದಿನ) ಹಿಂದಿನ ದಿನ ಮಾತ್ರ ಎರಡು ಪಾಲು. ಲಕ್ಕಮ್ಮ ಇದನ್ನು ಕೇಳಿದ್ದರೆ ತಕ್ಷಣ ಒಪ್ಪುತ್ತಿದ್ದಳು. ಕೆಲಸದವರಿಗೆ ಹೇಳುವಾಗ ಲಕ್ಕಮ್ಮನ ಕಥೆಯನ್ನೇ ಹೇಳಿ, ಅವರಿಗೆ ಅದು ಮನೆಯ ಮಾತು.

ಸಾಲದ ಬಾಬತ್ತು
ಹಾಗಾದರೆ ಯೋಸೇಫ ಮತ್ತು ಮನ್ನ ಎದುರುಬದುರು ಆಯಿತಲ್ಲ? ಒಬ್ಬ ಬರ ಬರುವ ಮುಂಚೆ ಏಳು ವರ್ಷ ಧಾನ್ಯ ಕೂಡಿಡು ಅನ್ನುತ್ತಾನೆ, ಇನ್ನೊಂದು ಕಡೆ ನಾಳೆಗೂ ಇಡಬೇಡ.

ಲೆಕ್ಕದ ಪುಸ್ತಕ
ಯೋಸೇಫ ಕೂಡಿಟ್ಟದ್ದು ಊರಿಗೆ, ಅರಣ್ಯದಲ್ಲಿ ಕೂಡಿಟ್ಟವರು ತಮ್ಮ ಡೇರೆಗೆ. ಯೋಸೇಫನ ಲೆಕ್ಕ ನೋಡಿ (ಆದಿಕಾಂಡ 41): ಬೆಳೆಯಲ್ಲಿ ಐದನೇ ಒಂದು ಪಾಲು, ಮತ್ತು ಪ್ರತಿ ಊರಿನ ಸುತ್ತಲಿನ ಬೆಳೆ ಆ ಊರಿನಲ್ಲೇ. ಒಂದೇ ಕಣಜದಲ್ಲಿ ಅಲ್ಲ.

ಗೇರುಬೀಜದಲ್ಲಿ ಕರಾವಳಿಯ ಫಸಲು ಫೆಬ್ರವರಿಯಿಂದ ಮೇವರೆಗೆ. ಆ ನಾಲ್ಕು ತಿಂಗಳಲ್ಲಿ ಕೊಂಡದ್ದನ್ನು ಉಳಿದ ಎಂಟು ತಿಂಗಳು ಸುಲಿಯುವುದು. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಆಧಾರದ ಮೇಲೆ ಕೊಡುವ ಸಾಲ) ಪೂರ್ತಿ ಎಳೆದು ಬೀಜ ತುಂಬುತ್ತಾರೆ. ಮಳೆಗಾಲದಲ್ಲಿ ತಿರುಳಿನ ಬೆಲೆ ಇಳಿದರೆ ದಾಸ್ತಾನಿನ ಮೌಲ್ಯ ಇಳಿಯುತ್ತದೆ, ತಿಂಗಳ ಕೊನೆಯ ಸ್ಟಾಕ್ ಪಟ್ಟಿ ಕೊಟ್ಟಾಗ ಎಳೆಯಬಹುದಾದ ಮೊತ್ತವೂ ಇಳಿಯುತ್ತದೆ. ಆಗ ಮೊದಲು ನಿಲ್ಲುವುದು ಕೂಲಿ. ಹಾಗಾಗಿ ಕಣಜ ಅಂದರೆ ಬೀಜ ತುಂಬಿದ ಗೋದಾಮು ಅಂದುಕೊಳ್ಳಬೇಡಿ, ಅದರಲ್ಲಿರುವುದು ಸಾಲದ ದುಡ್ಡು. ತೆರಿಗೆ ಕಳೆದ ಲಾಭದಲ್ಲಿ ಶೇ. 20 ಬೇರೆ ಬ್ಯಾಂಕಿನಲ್ಲಿ ಠೇವಣಿ, ಮೂರು ತಿಂಗಳ ಕೂಲಿ ಆಗುವವರೆಗೆ. 40 ಜನ, ದಿನಕ್ಕೆ 500 ರೂ. ಅಂತ ಇಟ್ಟುಕೊಂಡರೆ 26 ದಿನಕ್ಕೆ 5,20,000 ರೂ., ಮೂರು ತಿಂಗಳಿಗೆ 15,60,000 ರೂ. ಇದನ್ನು ಯಂತ್ರ ಕೊಳ್ಳಲು ಮುಟ್ಟಬಾರದು ಅಂತ ಪಾಲುದಾರಿಕೆ ಪತ್ರದಲ್ಲೇ ಬರೆಯಿರಿ.

ತಕ್ಕಡಿ
ಬೀಜದ ಕಣಜಕ್ಕೂ ಒಂದು ಮಾತು. ಹಸಿ ಬೀಜವನ್ನು ಬಿಸಿಲಲ್ಲಿ ಎರಡು ಮೂರು ದಿನ ಹರಡಿ, ತೇವ ಶೇ. 8-9ಕ್ಕೆ ಇಳಿದ ಮೇಲೇ ಚೀಲಕ್ಕೆ. ಚೀಲ ನೆಲಕ್ಕೆ ತಾಗಬಾರದು, ಮರದ ಹಲಗೆ ಮೇಲೆ, ಗೋಡೆಯಿಂದ ಎರಡು ಅಡಿ ದೂರ. ಜೂನ್‌ನಲ್ಲಿ ಗೋಡೆಗೆ ತಾಗಿದ ಸಾಲು ಮೊದಲು ಕಪ್ಪಾಗುತ್ತದೆ.

ಕಡಲ ಕರೆ
ಯೋಸೇಫನ ಕಥೆಯನ್ನು 41ಕ್ಕೇ ನಿಲ್ಲಿಸಬೇಡಿ, 47 ಓದಿ. ಬರ ಬಂದಾಗ ಅದೇ ಧಾನ್ಯ ಮಾರುತ್ತಾ ಮೊದಲು ಜನರ ಹಣ, ಆಮೇಲೆ ದನಕರು, ಆಮೇಲೆ ಭೂಮಿ, ಕೊನೆಗೆ ಅವರನ್ನೇ ಈಜಿಪ್ಟಿನ ರಾಜ ಫರೋಹನಿಗೆ ಕೊಂಡುಬಿಟ್ಟ. ಜನ ಅವನನ್ನು ನಮ್ಮ ಪ್ರಾಣ ಉಳಿಸಿದವನು ಅಂತಲೇ ಹೊಗಳಿದರು, ಆದರೆ ಗುಲಾಮರಾದರು. ಕಷ್ಟದ ಕಾಲದಲ್ಲಿ ಸಹಾಯ ಮಾಡಿ ಹಿಡಿತ ಬಿಗಿ ಮಾಡಿಕೊಳ್ಳುವುದು ಮಾಲೀಕರಿಗೆ ದೊಡ್ಡ ಪ್ರಲೋಭನೆ.

ಸಾಲದ ಬಾಬತ್ತು
ಹೌದು! ಅದಕ್ಕೆ ನೆಹೆಮೀಯ 5 ಇಡಬೇಕು ಎದುರಿಗೆ. ಜನ ಹೊಲ, ಮನೆ ಒತ್ತೆ ಇಟ್ಟು, ಮಕ್ಕಳನ್ನು ದಾಸತ್ವಕ್ಕೆ ಕೊಟ್ಟು ಅಳುತ್ತಾರೆ. ನೆಹೆಮೀಯ ಸಾಲ ಕೊಟ್ಟವರನ್ನು ಕರೆಸಿ, ಹೊಲಗಳನ್ನೂ ತೆಗೆದುಕೊಂಡ ನೂರರಲ್ಲಿ ಒಂದು ಪಾಲಿನ ಬಡ್ಡಿಯನ್ನೂ ಈ ದಿನವೇ ಹಿಂದಿರುಗಿಸಿ ಅಂತ ಪ್ರಮಾಣ ಮಾಡಿಸುತ್ತಾನೆ. ತಾನು ಅಧಿಪತಿಯಾಗಿದ್ದ 12 ವರ್ಷ ಅಧಿಪತಿಗೆ ಸಲ್ಲುವ ಊಟದ ಭತ್ಯೆಯನ್ನೂ ಮುಟ್ಟುವುದಿಲ್ಲ.

ಘಟಕದಲ್ಲಿ ಇದು ಮುಂಗಡದ ಪುಸ್ತಕ. ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಡಿ, ಆದರೆ ಹೀಗೆ ಕೊಡಿ. ಬಡ್ಡಿ ಇಲ್ಲ. ಎರಡು ತಿಂಗಳ ಕೂಲಿಗಿಂತ ಹೆಚ್ಚಿಲ್ಲ. ವಾರಕ್ಕೆ ಕೂಲಿಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕಡಿತ ಇಲ್ಲ (ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ಮೀರಬಾರದು ಅಂತ ಕಾನೂನು, ಆದರೆ ಅರ್ಧ ಕಡಿದರೆ ಆಕೆ ಬೇರೆ ಕಡೆ ಸಾಲ ಮಾಡುತ್ತಾಳೆ). ಪುಸ್ತಕ ಎರಡು, ಒಂದು ಆಕೆಯ ಕೈಯಲ್ಲಿ. ಮುಂಗಡ ಬಾಕಿ ಇದ್ದರೂ ಕೆಲಸ ಬಿಡಬಹುದು, ಬಾಕಿಗಾಗಿ ಆಕೆಯನ್ನೋ ಮನೆಯವರನ್ನೋ ಕೆಲಸಕ್ಕೆ ಕಟ್ಟಿಹಾಕುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಖಾಲಿ ಚೆಕ್ಕು, ಪಡಿತರ ಚೀಟಿ, ಎಟಿಎಂ ಕಾರ್ಡು ಯಾವುದನ್ನೂ ಇಟ್ಟುಕೊಳ್ಳಬೇಡಿ. ಧರ್ಮೋಪದೇಶಕಾಂಡ 24:6ರಲ್ಲಿ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ ಅಂತ ಇದೆ. ಈ ಕಾಲದ ಬೀಸುವ ಕಲ್ಲು ಆ ಕಾರ್ಡು.

ಕೊಪ್ಪಳದಾಕಿ
ಬೀಸೂ ಕಲ್ಲಿನ ಮಾತು ಮನಸ್ಸಿಗೆ ನಾಟಿತು ನೋಡ್ರಿ.

ಒಂಟಿ ದೋಣಿ
ತಲಾಂತುಗಳ ಸಾಮ್ಯದ ಬಗ್ಗೆ ಯಾರೂ ಮಾತಾಡಲಿಲ್ಲ. ವ್ಯಾಪಾರದ ಕಥೆ ಅಂದರೆ ಅದೇ ಅಲ್ಲವೇ? ಯಜಮಾನ ಕೊಟ್ಟ ಐದನ್ನು ಒಬ್ಬ ಆಳು ಹತ್ತು ಮಾಡಿದ, ಇನ್ನೊಬ್ಬ ಎರಡನ್ನು ನಾಲ್ಕು ಮಾಡಿದ.

ಹತ್ತರ ನಾಯಕ
ಅದನ್ನು ಎಲ್ಲರೂ ಲಾಭ ದುಪ್ಪಟ್ಟು ಮಾಡುವ ಕಥೆಯಾಗಿ ಓದುತ್ತಾರೆ, ಹಾಗಾಗಿ ಎಚ್ಚರ ಬೇಕು. ಒಂದು ತಲಾಂತು ಅಂದರೆ 6,000 ದಿನಾರಿ, ಕೂಲಿಯವನ ಹತ್ತೊಂಬತ್ತು ಇಪ್ಪತ್ತು ವರ್ಷದ ದುಡಿಮೆ. ಅಷ್ಟನ್ನು ಯಜಮಾನ ಆಳುಗಳ ಕೈಗೆ ‘ಅವರವರ ಸಾಮರ್ಥ್ಯಕ್ಕೆ ತಕ್ಕಂತೆ’ ಕೊಟ್ಟು, ದಿನದಿನ ಕೇಳದೆ ಹೊರಟುಹೋದ. ಅಧಿಕಾರ ಹಂಚುವ ಕಥೆ ಅದು. ಬಂದ ಮೇಲೆ ಲೆಕ್ಕ ಕೇಳಿದ, ಅದೂ ಮುಖ್ಯ.

ಇದರ ಜೊತೆಗೆ ವಿಮೋಚನಕಾಂಡ 18 ಇಡಿ. ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತದ್ದನ್ನು ನೋಡಿ ಮಾವ ಇತ್ರೋ ಗದರುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ, ಲಂಚ ಹಗೆಮಾಡುವವರನ್ನು ಆರಿಸು. 40 ಜನರಿಗೆ ನಾಲ್ವರು ನಾಯಕಿಯರು. ಅವರು ಯಾವುದನ್ನು ಕೇಳದೆ ತೀರ್ಮಾನಿಸಬಹುದು ಅಂತ ಬರೆಯದಿದ್ದರೆ ಎಲ್ಲವೂ ಮತ್ತೆ ಪಾಲುದಾರರ ಮೇಜಿಗೇ ಬರುತ್ತದೆ. ಉದಾಹರಣೆಗೆ: ಅರ್ಧ ದಿನದ ರಜೆ, 1,000 ರೂ. ವರೆಗಿನ ತುರ್ತು ಮುಂಗಡ, ಕೆಟ್ಟ ಲಾಟನ್ನು ವಾಪಸ್ ಬೋರ್ಮಾಕ್ಕೆ ಕಳಿಸುವುದು, ರಕ್ಷಣಾ ಕವಚ ಬಿಚ್ಚಿದ ಯಂತ್ರ ನಿಲ್ಲಿಸುವುದು.

ಜೆಪ್ಪು ಹೆಂಚು
ಯಂತ್ರದ ಮಾತು ಬಂತಲ್ಲ, ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಅಡ್ಡಗೋಡೆ ಕಟ್ಟು, ಯಾರಾದರೂ ಬಿದ್ದರೆ ರಕ್ತದ ಹೊಣೆ ನಿನ್ನದು. ಬಿದ್ದವನ ಅಜಾಗರೂಕತೆ ಅನ್ನುವಂತಿಲ್ಲ. ಗೇರುಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ. ಒಡೆಯುವವರಿಗೆ ಕೈಗವಸು, ಅಂಗೈಗೆ ಹರಳೆಣ್ಣೆ, ಹೊರಡುವ ಮುಂಚೆ ತೊಳೆಯಲು ಸೋಪು ನೀರು. ಗವಸು ಹರಿದರೆ ಅದರ ದುಡ್ಡು ಕೂಲಿಯಲ್ಲಿ ಹಿಡಿಯಬಾರದು. ಹಿಡಿದರೆ ಹರಿದ ಗವಸನ್ನೇ ಹಾಕಿಕೊಂಡು ಕೆಲಸ ಮಾಡುತ್ತಾರೆ.

ನೇತ್ರಾವತಿ ದಡ
ಬೋವಜನ ಕಥೆಯನ್ನು ನಾನು ದಾನಕ್ಕೆ ಕಟ್ಟುತ್ತಿದ್ದೆ. ತುಂಡು ತಿರುಳನ್ನು ಅನಾಥಾಶ್ರಮಕ್ಕೆ ಕೊಡುವುದು, ಹೀಗೆ.

ಆಮೋಸನ ಅತ್ತಿಮರ
ಅದು ದಾನದ ಕಥೆ ಅಲ್ಲ. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು, ಬಡವರು ತಾವೇ ಬಂದು ಕೊಯ್ದುಕೊಳ್ಳುತ್ತಾರೆ, ಅದು ಅವರ ಹಕ್ಕು. ತೋರಾ (ಮೋಶೆಯ ಧರ್ಮಶಾಸ್ತ್ರ) ಎಷ್ಟು ಬಿಡಬೇಕು ಅಂತ ಹೇಳುವುದಿಲ್ಲ, ಆಮೇಲಿನ ಯೆಹೂದಿ ನಿಯಮಗ್ರಂಥ ಮಿಷ್ನಾದಲ್ಲಿ ಅರವತ್ತರಲ್ಲಿ ಒಂದಕ್ಕಿಂತ ಕಡಿಮೆ ಬೇಡ ಅಂತ ಬಂತು. ತನ್ನ ಹೊಲಕ್ಕೆ ತೆನೆ ಆಯಲು ಬಂದ ವಿಧವೆ ರೂತಳಿಗಾಗಿ ಬೋವಜ ಇನ್ನೂ ಮುಂದೆ ಹೋಗಿ, ಸಿವುಡಿನಿಂದ ಬೇಕಂತಲೇ ತೆನೆ ಎಳೆದು ಬಿಡಿ, ಗದರಿಸಬೇಡಿ ಅನ್ನುತ್ತಾನೆ. ಹಾಗಾಗಿ ತುಂಡು ತಿರುಳಿನ ಅರವತ್ತರಲ್ಲಿ ಒಂದು ಪಾಲನ್ನು ಚಿಕ್ಕಿ, ಸಿಹಿ ಮಾಡುವ ಸ್ವಸಹಾಯ ಗುಂಪಿಗೆ ಸುಲಿದ ಖರ್ಚಿಗೆ ಕೊಡಿ. ಅವರು ದುಡಿದು ಲಾಭ ಮಾಡಿಕೊಳ್ಳಲಿ. ಹುಳು ಬಿದ್ದದ್ದು, ಕಮಟು ವಾಸನೆಯದ್ದು ಕೊಡುವಂತಿಲ್ಲ.

ರೂತಳು 2:9 ಕೂಡ ನೋಡಿ. ಆಳುಗಳು ಅವಳನ್ನು ಮುಟ್ಟಬಾರದು ಅಂತ ಬೋವಜ ಆಜ್ಞೆ ಮಾಡಿದ್ದಾನೆ. ಅದಕ್ಕೆ ನಿಮ್ಮಲ್ಲಿ ಇರಬೇಕಾದ್ದು ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ. 10 ಜನರಿದ್ದರೆ 2013ರ ಕಾಯ್ದೆಯಂತೆ ಕಡ್ಡಾಯ, ಅಧ್ಯಕ್ಷೆ ಮಹಿಳೆ, ಹೊರಗಿನ ಸದಸ್ಯರೊಬ್ಬರು. ಇಷ್ಟೊಂದು ಹೆಂಗಸರಿರುವಲ್ಲಿ ಇದೇ ಮೊದಲ ಪುಟ.

ಮೈಸೂರು ಸಂತೆ
ನಗದಿನ ಲೆಕ್ಕಕ್ಕೆ ಏನಾದರೂ ಇದೆಯಾ?

ಲೆಕ್ಕದ ಪುಸ್ತಕ
2 ಅರಸುಗಳು 12. ರಾಜ ಯೋವಾಷನ ಕಾಲದಲ್ಲಿ ದೇವಾಲಯದ ಕಾಣಿಕೆ ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಇಟ್ಟರು, ತುಂಬಿದಾಗ ರಾಜನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಒಬ್ಬನೇ ಎಣಿಸುವಂತಿಲ್ಲ. ಕೂಲಿ ನಗದಾಗಿ ಹಂಚುವ ದಿನ ಬ್ಯಾಂಕಿಗೆ ಹೋಗುವುದು ಇಬ್ಬರು, ಲಕೋಟೆಗೆ ಹಾಕುವುದು ಇಬ್ಬರು, ಹಂಚುವವರು ಬೇರೆ.

ಇನ್ನೊಂದು, ತಪ್ಪು ಸಿಕ್ಕಾಗ. ಯಾಜಕಕಾಂಡ 6:5ರಲ್ಲಿ ಅಸಲು ಮತ್ತು ಅದರ ಮೇಲೆ ಐದನೇ ಒಂದು ಪಾಲು, ಅದನ್ನೂ ತಪ್ಪು ಗೊತ್ತಾದ ದಿನವೇ. ಸುಂಕ ವಸೂಲಿಯ ಜಕ್ಕಾಯ ನಾಲ್ಕರಷ್ಟು ವಾಪಸ್ ಅಂದದ್ದು ಅವನ ಸ್ವಂತ ಸಂತೋಷ. ತಕ್ಕಡಿ ತಪ್ಪಿ ಸುಲಿದವರಿಗೆ 500 ರೂ. ಕಡಿಮೆ ಹೋಗಿದ್ದರೆ 600 ಕೊಡಿ. ತಪ್ಪು ಕೆಲಸದವರ ಕಡೆಯಿಂದ ಆಗಿದ್ದರೆ 500 ಮಾತ್ರ ತೆಗೆದುಕೊಳ್ಳಿ, ದಂಡ ಬೇಡ.

ಸಾಲದ ಬಾಬತ್ತು
ಕೊನೆಯ ವಾಕ್ಯಕ್ಕೆ ಆಧಾರ?

ಲೆಕ್ಕದ ಪುಸ್ತಕ
ವಚನದ ಆಧಾರ ಇಲ್ಲ, ಅದು ನನ್ನ ತೀರ್ಪು. ತಕ್ಕಡಿ ಯಾರ ಕೈಯಲ್ಲಿದೆಯೋ ಐದನೇ ಪಾಲು ಅವರ ತಲೆಗೆ ಬೀಳಬೇಕು.

ಕಡಲ ಕರೆ
ಬೆಲೆಯ ಬಗ್ಗೆ ಒಂದು. ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ವ್ಯಾಪಾರಿಗಳು ಮತ್ತಾಯ 5:37ನ್ನು, ಹೌದಾದರೆ ಹೌದು ಅಲ್ಲವಾದರೆ ಅಲ್ಲ ಅನ್ನುವುದನ್ನು, ಅಂಗಡಿಗೆ ತಂದರು. ಚೌಕಾಸಿ ಬಿಟ್ಟು ಒಂದೇ ಬೆಲೆ ಹೇಳಿದರು. ಮಗುವನ್ನು ಕಳಿಸಿದರೂ ಅದೇ ಬೆಲೆ ಅಂತ ಗಿರಾಕಿಗೆ ಭರವಸೆ ಬಂತು. 1824ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಂಗಡಿ ತೆರೆದ ಜಾನ್ ಕ್ಯಾಡ್‌ಬರಿ ಆ ಪಂಗಡದವನೇ. ನಿಮ್ಮ ಖರೀದಿ ಕಟ್ಟೆಯಲ್ಲಿ ದಿನದ ದರ ಬೆಳಿಗ್ಗೆ ಹಲಗೆಗೆ ಬರೆಯಿರಿ. ದೊಡ್ಡ ಜಮೀನುದಾರನಿಗೂ ಹತ್ತು ಕಿಲೋ ತಂದ ಅಜ್ಜಿಗೂ ಅದೇ.

ತಕ್ಕಡಿ
ಒಂದೇ ದರ ಆಗಬೇಕಾದರೆ ಗುಣ ನೋಡುವ ಕ್ರಮವೂ ಒಂದೇ ಇರಬೇಕು. ಎಲ್ಲರ ಚೀಲದಿಂದಲೂ ಒಂದು ಕಿಲೋ ತೆಗೆದು, ಎಲ್ಲವನ್ನೂ ಕತ್ತರಿಸಿ, ಒಳ್ಳೆಯದು, ಚುಕ್ಕೆಯದು, ಪೊಳ್ಳು ಅಂತ ರೈತನ ಎದುರೇ ಬೇರೆಮಾಡಿ ತೂಗಿ. ಪರಿಚಯದವರ ಚೀಲ ಕತ್ತರಿಸದೆ ಬಿಟ್ಟರೆ ಅಲ್ಲಿಗೆ ಎರಡನೇ ಕಲ್ಲು ಬಂತು.

ಬೀಜದ ಮನೆ
ಎಲ್ಲರಿಗೂ ಉಪಕಾರ. ಬರೆದುಕೊಂಡ ಕ್ರಮ ಹೀಗಿದೆ: ತಕ್ಕಡಿ, ಕೂಲಿ, ಆಂತರಿಕ ಸಮಿತಿ, ಮುಂಗಡ, ಠೇವಣಿ, ಖರೀದಿ ಹಲಗೆ. ಯೋಸೇಫನನ್ನು 47ರ ಜೊತೆಗೇ ಇಡುತ್ತೇವೆ. ಒಂದು ಅನುಮಾನ ಉಳಿಯಿತು: ವಾರದ ರಜೆ ಭಾನುವಾರವೇ ಇರಬೇಕಾ? ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವವರೂ ಇದ್ದಾರೆ.

ಬ್ಯಾರಿ ಬಂದರು
ಭಾನುವಾರ ಇಡಿ, ಶುಕ್ರವಾರ ಊಟದ ಹೊತ್ತನ್ನು 12:30ರಿಂದ 1:45 ಮಾಡಿ. ಎಲ್ಲರಿಗೂ ಅದೇ ಹೊತ್ತು ಇರಲಿ, ಆಗ ಯಾರ ಕೂಲಿಯಲ್ಲೂ ಕಡಿತದ ಪ್ರಶ್ನೆ ಬರುವುದಿಲ್ಲ.

ಆಮೋಸನ ಅತ್ತಿಮರ
ಧರ್ಮೋಪದೇಶಕಾಂಡ 5:14ರಲ್ಲಿ ಸಬ್ಬತ್ತು ದಾಸನಿಗೆ, ದಾಸಿಗೆ, ಎತ್ತಿಗೆ, ಊರಲ್ಲಿರುವ ಪರದೇಶಿಗೂ ಇದೆ. ಬಾಯ್ಲರ್ ನೋಡುವವನನ್ನು ಮತ್ತು ರಾತ್ರಿ ಕಾವಲುಗಾರನನ್ನು ಮರೆಯಬೇಡಿ, ಸಾಮಾನ್ಯವಾಗಿ ವಾರದ ರಜೆ ತಪ್ಪುವುದು ಅವರಿಬ್ಬರಿಗೇ. ಬದಲಿ ಆಳಿನ ಕೂಲಿಯನ್ನು ವರ್ಷದ ಲೆಕ್ಕದಲ್ಲಿ ಈಗಲೇ ಸೇರಿಸಿ, 52 ದಿನ, ಇಬ್ಬರಿಗೆ 104 ಪಾಳಿ.